ಅವಲಂಬಿತ ಸಂಗಾತಿಯ ಕುರ್ಚಿ

ಇಂಗ್ಲಿಷ್ ಕಲಿಸಲು ಹೊರದೇಶದಿಂದ ಬರುವ ಶಿಕ್ಷಕಿಯು ತನ್ನೊಡನೆ ಒಬ್ಬ ಗಂಡನನ್ನು ಕರೆತರಬಹುದು. ಆದರೆ ಸದರಿ ಗಂಡನು ಯಾವುದೇ ಕೆಲಸವನ್ನು ಮಾಡತಕ್ಕದ್ದಲ್ಲ. ವಲಸೆ ನಿಯಮಾವಳಿಯ ಹದಿನೇಳನೆಯ ಕಲಮು ಇಷ್ಟನ್ನು ಸ್ಪಷ್ಟವಾಗಿ ಹೇಳಿದೆ. ಗಂಡ ಅಂದರೆ ಯಾರು ಎಂಬುದಕ್ಕೆ ಅದರಲ್ಲಿ ಅರ್ಧ ಪುಟದ ವಿವರಣೆ ಇದೆ. ಕೆಲಸ ಅಂದರೆ ಏನು ಎಂಬುದನ್ನು ಮಾತ್ರ ತನಿಖಾಧಿಕಾರಿಗಳ ವಿವೇಚನೆಗೆ ಬಿಡಲಾಗಿದೆ.

ಈ ಕಲಮಿಗೆ ರುಜು ಹಾಕಿ ಬಂದವರು ನಮ್ಮ ಗಡಿಯಾರದವರು. ಇಪ್ಪತ್ತೆರಡು ವರ್ಷ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಊರಿನವರ ಗಡಿಯಾರಗಳನ್ನೆಲ್ಲ ರಿಪೇರಿ ಮಾಡಿದವರು. ಹೆಂಡತಿಗೆ ಮೂರು ವರ್ಷದ ನೇಮಕಾತಿ ಪತ್ರ ಬಂದಾಗ ಅಂಗಡಿಗೆ ಬೀಗ ಜಡಿದು, ಲೋಲಕದ ಗೋಡೆ ಗಡಿಯಾರವೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟರು. ಸುಮ್ಮನೆ ಕೂರೋದು ತಾನೇ, ಅದಕ್ಕೇನು ವಿದ್ಯೆ ಬೇಕು ಅಂದುಕೊಂಡಿದ್ದರು ಪಾಪ.

ಮೊದಲ ವಾರವೇ ತನಿಖಾಧಿಕಾರಿ ಬಂದರು. ಗಡಿಯಾರದವರು ಅಡುಗೆಮನೆಯ ಸಿಂಕಿನ ಮುಂದಿದ್ದರು.

"ಇದೇನಿದು?"

"ಪಾತ್ರೆ, ಸಾಹೇಬ್ರೆ."

"ಪಾತ್ರೆ ಅಂತ ಕಾಣುತ್ತೆ. ನಿಮ್ಮ ಕೈಯಲ್ಲಿ ಯಾಕಿದೆ ಅಂತ ಕೇಳಿದ್ದು."

"ಅವಳು ಶಾಲೆಗೆ ಹೋಗಿದಾಳೆ. ಬರೋ ಹೊತ್ತಿಗೆ ತೊಳೆದಿಟ್ರೆ ಅವಳಿಗೊಂದು ಕೆಲಸ ಕಮ್ಮಿ ಆಗುತ್ತೆ ಅಂತ..."

"ಅವರಿಗೆ ಕಮ್ಮಿ ಆಗೋ ಕೆಲಸ ಎಲ್ಲಿಗೆ ಹೋಯ್ತು? ನಿಮ್ಮ ಹತ್ರಾನೇ ಬಂತು ತಾನೇ?"

ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಮೊದಲನೆಯ ಎಚ್ಚರಿಕೆ ದಾಖಲಾಯಿತು. ಎಚ್ಚರಿಕೆಗಳು ಮೂರಾದರೆ ಗಂಡನೊಬ್ಬನನ್ನೇ ವಿಮಾನ ಹತ್ತಿಸಲಾಗುವುದು ಎಂದು ಅಧಿಕಾರಿ ವಿನಯದಿಂದಲೇ ತಿಳಿಸಿ ಹೋದರು.

ಸಂಜೆ ಹೆಂಡತಿ ಕೇಳಿ ಗಾಬರಿಯಾದಳು. "ನಿಮ್ಮನ್ನ ಕಳಿಸಿಬಿಟ್ರೆ ನಾನಿಲ್ಲಿ ಒಂದು ದಿನಾನೂ ಇರಲ್ಲ ರೀ. ದಮ್ಮಯ್ಯ, ಕೈಕಟ್ಟಿ ಕೂತ್ಕೊಳ್ಳಿ." ಅಷ್ಟು ಹೇಳಿ, ಅರ್ಧ ತೊಳೆದಿದ್ದ ಪಾತ್ರೆಗಳನ್ನು ತಾನೇ ತೊಳೆದಳು. ಅಂದಿನಿಂದ ದಿನಕ್ಕೆ ಆರು ತರಗತಿ, ಮನೆಗೆ ಬಂದು ಅಡುಗೆ, ಕಸ, ಇಸ್ತ್ರಿ ಎಲ್ಲವೂ ಅವಳ ತಲೆಗೇ ಬಂತು. ಗಡಿಯಾರದವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅವಳು ಬಸವಳಿಯುವುದನ್ನು ನೋಡಿದರು. ನೋಡಿ ನೋಡಿ ಸಂಕಟಪಟ್ಟರು. ಸಂಕಟಪಡುವುದು ಕೆಲಸವೋ ಅಲ್ಲವೋ ಎಂದು ಯಾರನ್ನೂ ಕೇಳುವ ಧೈರ್ಯ ಮಾಡಲಿಲ್ಲ.

ಎರಡನೆಯ ವಾರ ಇಲಾಖೆಯಿಂದ 'ನಿಷ್ಕ್ರಿಯತಾ ದಿನಚರಿ' ಎಂಬ ನಾಲ್ಕು ಪುಟದ ನಮೂನೆ ಬಂತು. ದಿನವಿಡೀ ಏನೇನು ಮಾಡಲಿಲ್ಲ ಎಂಬುದನ್ನು ಅರ್ಧ ಗಂಟೆಗೊಮ್ಮೆ ಬರೆಯಬೇಕು. ಗಡಿಯಾರದವರು ಕಸುಬಿನ ಮನುಷ್ಯ. ಒಂದೂ ಚಿತ್ತಿಲ್ಲದೆ ಮುತ್ತು ಪೋಣಿಸಿದಂತೆ ತುಂಬಿದರು. ತನಿಖಾಧಿಕಾರಿ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಬಹಳ ಚೆನ್ನಾಗಿ ಬರೆದಿದೀರಿ. ಇದು ಗುಮಾಸ್ತರ ಕೆಲಸ."

ಎರಡನೆಯ ಎಚ್ಚರಿಕೆಯೂ ದಾಖಲಾಯಿತು. ಆದರೆ ನಮೂನೆ ತುಂಬದಿದ್ದರೂ ಅಪರಾಧವೇ ಆದ್ದರಿಂದ, ಇಲಾಖೆ ದೊಡ್ಡ ಮನಸ್ಸು ಮಾಡಿ ಗುಮಾಸ್ತರೊಬ್ಬರನ್ನು ಮನೆಗೇ ನೇಮಿಸಿತು. ಅವರು ಬೆಳಿಗ್ಗೆ ಒಂಬತ್ತಕ್ಕೆ ಬಂದು ಎದುರು ಕೂತು, ಗಡಿಯಾರದವರನ್ನು ನೋಡುತ್ತಾ ಬರೆಯುತ್ತಿದ್ದರು. ಗುಮಾಸ್ತರು ಕಣ್ಣು ಮುಚ್ಚಿದರೆ ಏನು ಗತಿ ಎಂದು ಮೇಲ್ವಿಚಾರಕರೊಬ್ಬರು ಬಂದರು. ಇಬ್ಬರೂ ಒಂದಾದರೆ ಏನು ಗತಿ ಎಂದು ತನಿಖಾಧಿಕಾರಿಗಳೇ ಅಲ್ಲಿ ಠಿಕಾಣಿ ಹೂಡಿದರು. ಒಬ್ಬ ಮನುಷ್ಯ ಸುಮ್ಮನೆ ಕೂರುವುದಕ್ಕೆ ಹೀಗೆ ಮೂರು ಜನಕ್ಕೆ ಉದ್ಯೋಗ ಸಿಕ್ಕಿತು.

ದಿನಚರಿಯ ಪ್ರತಿ ಇಂಗ್ಲಿಷಿನಲ್ಲಿ ಕೇಂದ್ರ ಕಚೇರಿಗೆ ಹೋಗಬೇಕಿತ್ತು. ಆ ಊರಿನಲ್ಲಿ ನೆಟ್ಟಗೆ ಇಂಗ್ಲಿಷ್ ಬರೆಯಬಲ್ಲವಳು ಒಬ್ಬಳೇ. ಆದ್ದರಿಂದ ಶಿಕ್ಷಕಿಯನ್ನು ಪಾಠದಿಂದ ಬಿಡಿಸಿ, ಗಂಡನ ದಿನಚರಿಯ ಅನುವಾದಕ್ಕೆ ನಿಯೋಜಿಸಲಾಯಿತು. ಮಕ್ಕಳಿಗೆ ಪುಸ್ತಕ ತೆರೆದಿಟ್ಟುಕೊಂಡು ಮೌನವಾಗಿ ಕೂರುವಂತೆ ಹೇಳಲಾಯಿತು. ಶಿಸ್ತು ಗಣನೀಯವಾಗಿ ಸುಧಾರಿಸಿದೆ ಎಂದು ಮುಖ್ಯೋಪಾಧ್ಯಾಯರು ವರದಿ ಕಳಿಸಿದರು.

ಹೀಗಿರುವಾಗ ಒಂದು ದಿನ ಗೋಡೆಯ ಮೇಲಿನ ಗಡಿಯಾರ ನಾಲ್ಕು ಐವತ್ತಕ್ಕೆ ನಿಂತುಬಿಟ್ಟಿತು.

ಮೂವರ ಕರ್ತವ್ಯ ಮುಗಿಯುವುದು ಐದಕ್ಕೆ. ಕರ್ತವ್ಯದ ಸ್ಥಳದಲ್ಲಿರುವ ಗಡಿಯಾರವೇ ಅಧಿಕೃತ ಎಂದು ಆದೇಶವಿತ್ತು. ಕೈಗಡಿಯಾರ ಖಾಸಗಿ ವಸ್ತು. ಮೂವರೂ ಕದಲಲಿಲ್ಲ. ಹೆಂಡತಿ ಮೂರನೆಯ ಸಲ ಟೀ ಮಾಡಿ ತಂದು, ಗೋಡೆ ನೋಡಿ, ಗಂಡನ ಮುಖ ನೋಡಿದಳು.

"ಏನಾಗಿದೆ ರೀ ಅದಕ್ಕೆ?"

"ತೂಗುಹಾಕಿರೋ ಮೊಳೆ ವಾಲಿದೆ ಕಣೇ, ಲೋಲಕ ಆಡ್ತಿಲ್ಲ. ಒಂದು ಬೆರಳು ತಾಗಿಸಿದ್ರೆ ಸಾಕು."

ಗುಮಾಸ್ತರ ಲೇಖನಿ ನಿಂತಿತು. ತನಿಖಾಧಿಕಾರಿ ಲೋಟ ಕೆಳಗಿಟ್ಟರು. "ದೋಷ ಪತ್ತೆ ಹಚ್ಚೋದು ತಜ್ಞರ ಕೆಲಸ ಅಲ್ವೇ? ಬರ್ಕೊಳ್ಳಿ. ಇಂಗ್ಲಿಷ್ ಪ್ರತಿ ನೋಡಿ ಮೇಲಿನವರೇ ತೀರ್ಮಾನ ಮಾಡ್ಲಿ."

ಇದು ಮೂರನೆಯ ಎಚ್ಚರಿಕೆಯಾದರೆ ಗಡಿಯಾರದವರು ವಿಮಾನ ಹತ್ತಬೇಕಿತ್ತು. ಹೆಂಡತಿ ಕಾಗದ ಎಳೆದುಕೊಂಡು ಅನುವಾದಕ್ಕೆ ಕೂತಳು. ಹಾಳೆಯನ್ನು ಮಡಿಸುವ ಮುಂಚೆ ಗಂಡನಿಗೆ ಕಾಣುವಂತೆ ಓರೆಯಾಗಿ ಹಿಡಿದಳು. ನಾಲ್ಕು ಐವತ್ತರ ಎದುರು, ದುಂಡು ಅಕ್ಷರದಲ್ಲಿ, ಗಡಿಯಾರ ನಿಂತದ್ದು ಕಂಡು ಗಂಡ ನಿಟ್ಟುಸಿರು ಬಿಟ್ಟರು ಎಂಬರ್ಥದ ಒಂದೇ ವಾಕ್ಯವಿತ್ತು. ಆ ದೇಶಕ್ಕೆ ಬಂದ ಮೇಲೆ ಅವಳ ಇಂಗ್ಲಿಷ್ ನಿಜಕ್ಕೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಕೇಂದ್ರ ಕಚೇರಿಯ ಉತ್ತರ ಮೂರನೆಯ ದಿನ ಬಂತು. ಆ ಮನೆಯಲ್ಲಿ ಅಲ್ಲಿಯವರೆಗೂ ನಾಲ್ಕು ಐವತ್ತೇ ಆಗಿತ್ತು. ಗಂಡನ ಪ್ರಗತಿ ತೃಪ್ತಿಕರವಾಗಿದೆ. ನಿಟ್ಟುಸಿರು ದಿನಕ್ಕೆ ಎರಡನ್ನು ಮೀರದಿರಲಿ. ಗಡಿಯಾರದ ದುರಸ್ತಿಗೆ ಸ್ಥಳೀಯ ತಜ್ಞರಿಲ್ಲದ ಕಾರಣ ಹೊರದೇಶದ ತಜ್ಞರೊಬ್ಬರನ್ನು ಮೂರು ವರ್ಷದ ಅವಧಿಗೆ ನೇಮಿಸಿಕೊಳ್ಳಲಾಗುವುದು. ಸದರಿಯವರು ತಮ್ಮೊಡನೆ ಒಬ್ಬ ಹೆಂಡತಿಯನ್ನು ಕರೆತರಬಹುದು. ಆದರೆ ಆಕೆ ಯಾವುದೇ ಕೆಲಸವನ್ನು ಮಾಡತಕ್ಕದ್ದಲ್ಲ.

ಹೆಂಡತಿ ಈ ಕೊನೆಯ ಸಾಲನ್ನು ಎರಡು ಸಲ ಓದಿದಳು. ಸಿಂಕಿನ ಕಡೆ ನೋಡಿದಳು. ಇಸ್ತ್ರಿಯ ರಾಶಿಯ ಕಡೆ ನೋಡಿದಳು. ಆಮೇಲೆ ಗಂಡನ ಹೆಸರಿನಲ್ಲಿ ಅರ್ಜಿ ತುಂಬಿ, ಕೆಲಸ ಮಾಡದ ಹೆಂಡತಿಯ ಜಾಗದಲ್ಲಿ ತನ್ನ ಹೆಸರು ಬರೆದಳು.

ನೇಮಕಾತಿ ನಡೆಯಿತು. ಗಡಿಯಾರದವರು ವಿಧ್ಯುಕ್ತವಾಗಿ ಕರ್ತವ್ಯಕ್ಕೆ ಹಾಜರಾಗಿ ಮೊಳೆಯನ್ನು ನೆಟ್ಟಗೆ ಮಾಡಿದರು. ಲೋಲಕ ಆಡಿತು. ಉಳಿದ ಎರಡು ವರ್ಷ, ಹನ್ನೊಂದು ತಿಂಗಳು, ಇಪ್ಪತ್ತೊಂಬತ್ತು ದಿನಗಳ ಕಾಲ ಅವರು ಪಾತ್ರೆ ತೊಳೆಯಲು ಯಾರ ಅಡ್ಡಿಯೂ ಇರಲಿಲ್ಲ.

ಮೂವರು ಅಧಿಕಾರಿಗಳು ತಮ್ಮ ಕುರ್ಚಿಗಳನ್ನು ಸ್ವಲ್ಪ ತಿರುಗಿಸಿಕೊಂಡರು. ಹೆಂಡತಿ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ಗುಮಾಸ್ತರು ಗಡಿಯಾರ ನೋಡಿ, ಹೆಂಡತಿ ನಿಟ್ಟುಸಿರು ಬಿಟ್ಟರು ಎಂದು ಬರೆದುಕೊಂಡರು. ಈ ಸಲ ಅದು ನಿಜವಾಗಿತ್ತು. ಆದರೆ ಇಂಗ್ಲಿಷಿಗೆ ಅನುವಾದಿಸಲು ಯಾರೂ ಇರಲಿಲ್ಲವಾದ್ದರಿಂದ, ಇಂಗ್ಲಿಷ್ ಬಲ್ಲ ಶಿಕ್ಷಕಿಯೊಬ್ಬರು ಬೇಕಾಗಿದ್ದಾರೆ ಎಂದು ಇಲಾಖೆ ಆ ಸಂಜೆಯೇ ಪ್ರಕಟಣೆ ಹೊರಡಿಸಿತು.