ನಡುಮನೆಗೆ ಬಂದ ಹಬೆಪಾತ್ರೆ

ಕಳೆದ ಆಷಾಢದ ಎರಡನೆಯ ಸೋಮವಾರ ಬೆಳಿಗ್ಗೆ, ವಿಜಯನಗರದ ನಮ್ಮ ನಡುಮನೆಗೆ ಅಂತರರಾಷ್ಟ್ರೀಯ ಸಹಕಾರದ ಅರ್ಧ ಭಾಗ ಬಂದಿಳಿಯಿತು. ನಾಲ್ವರು ಹೊತ್ತು ತಂದರು. ಸೋಫಾವನ್ನು ಗೋಡೆಗೆ ಒತ್ತಿ, ಟೀಪಾಯಿಯನ್ನು ಮಂಚದ ಕೆಳಗೆ ತಳ್ಳಿದ ಮೇಲೆ ಅದಕ್ಕೆ ಜಾಗವಾಯಿತು. ಅದು ನನ್ನ ಎದೆಮಟ್ಟದ ಒಂದು ರಟ್ಟಿನ ಪೆಟ್ಟಿಗೆ. ಒಳಗೆ, ಇಡೀ ಶಿಶುವಿಹಾರಕ್ಕೆ ಒಂದೇ ಸಲ ಅಡುಗೆಯಾಗುವಂಥ ಹಬೆಪಾತ್ರೆ.

ನಾನು ಬಹಳ ವರ್ಷ ಒಂದು ಪತ್ರಿಕೆಯ ವಿದೇಶ ಪುಟ ನೋಡಿಕೊಂಡವನು. ‘ಬಡತನ ನಿವಾರಣೆಗೆ ಜಂಟಿ ಯತ್ನ’ ಎಂಬ ತಲೆಬರಹವನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕೆಳಗೆ ದೇಶಗಳ ಹೆಸರು ಬದಲಾಗುತ್ತಿದ್ದವು, ಕೈಕುಲುಕುವ ಚಿತ್ರ ಮಾತ್ರ ಹೆಚ್ಚುಕಡಿಮೆ ಒಂದೇ. ಸಹಿ ಬಿದ್ದ ಮೇಲೆ ಆ ಜಂಟಿ ಯತ್ನ ಎಲ್ಲಿಗೆ ಹೋಗುತ್ತದೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಪುಟ ಮುಗಿಸಿ ಕೊನೆಯ ಬಸ್ಸು ಹಿಡಿಯುವುದೇ ಆಗ ನನ್ನ ಯತ್ನವಾಗಿತ್ತು. ಅದು ನನ್ನ ಮನೆಗೇ ಬರುತ್ತದೆ, ಬಂದು ಟಿ.ವಿ.ಗೆ ಅಡ್ಡ ಕೂರುತ್ತದೆ ಎಂದು ಹೇಗೆ ಊಹಿಸಲಿ?

ತರಿಸಿದ್ದು ನನ್ನ ಹೆಂಡತಿ ಗಿರಿಜಾ. ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದ ಮೇಲೆ ಅವಳು, ಮಲ್ಲತ್ತಹಳ್ಳಿ ಕೆರೆಯ ಹತ್ತಿರ ಕಟ್ಟಡ ಕೆಲಸದ ಹೆಣ್ಣುಮಕ್ಕಳ ಮಕ್ಕಳಿಗಾಗಿ ಒಂದು ಶಿಶುವಿಹಾರ ನಡೆಸುತ್ತಾಳೆ. ಅಲ್ಲಿನ ಬಿಸಿಯೂಟಕ್ಕೆ ಮೂರು ಸರಕಾರಗಳು ಸೇರಿಕೊಂಡಿದ್ದವು. ಉತ್ತರದ ಚಳಿ ದೇಶವೊಂದು ಹಬೆಪಾತ್ರೆ ಕೊಟ್ಟಿತು. ಪೂರ್ವದ ದ್ವೀಪ ದೇಶವೊಂದು ಅದನ್ನು ಕೂರಿಸುವ ಒಲೆ ಕೊಟ್ಟಿತು. ನಮ್ಮವರು ಅಡುಗೆಮನೆ ಕಟ್ಟಿಕೊಟ್ಟರು, ಬಾಗಿಲೊಂದನ್ನು ಬಿಟ್ಟು. ಬಾಗಿಲು ಬರುವವರೆಗೆ ಪಾತ್ರೆ ನಮ್ಮ ಮನೆಯಲ್ಲಿ, ಒಲೆ ಯೋಜನೆಯ ಕಚೇರಿಯಲ್ಲಿ ಎಂದು ತೀರ್ಮಾನವಾಯಿತು. ಬಾಗಿಲು ಹದಿನೈದು ದಿನದಲ್ಲಿ ಬಂತು. ಪಾತ್ರೆ ಮಾತ್ರ ಹೋಗಲಿಲ್ಲ.

ಕಾರಣ ಹೇಳಿದವರು ಯೋಜನೆಯ ಅಧಿಕಾರಿ ಶಿವಾನಂದಪ್ಪ. ದಾವಣಗೆರೆ ಕಡೆಯವರು, ಹಣೆಯ ವಿಭೂತಿ ಸಂಜೆಯವರೆಗೂ ಅಳಿಸದಷ್ಟು ಶಾಂತ ಸ್ವಭಾವದವರು.

“ಪ್ಯಾಕಿಂಗ್ ಬಿಚ್ಚಂಗಿಲ್ರಿ ಸರ್. ಎರಡೂ ದೇಶದವ್ರು ಬಂದು, ನಮ್ಮ ನಾಯಕರೂ ಇದ್ದು, ಒಟ್ಟಿಗೇ ಉದ್ಘಾಟನೆ ಆಗಬೇಕು. ಒಬ್ರಿಲ್ದೆ ಒಬ್ರು ಮಾಡಿದ್ರೆ ತಪ್ಪು ತಿಳ್ಕೋತಾರೆ.”

“ಸರಿ, ಈ ವಾರವೇ ಮಾಡಿಬಿಡಿ,” ಅಂದೆ.

“ಆಷಾಢ ಅಲ್ವ್ರಾ ಸರ್?” ಅಂದರು, ಪತ್ರಿಕೆಯವನಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಶ್ರಾವಣ ಬಂತು. ನಮಗೆ ದಿನವೂ ಶುಭ. ಆದರೆ ಚಳಿ ದೇಶಕ್ಕೆ ಅದು ಬೇಸಿಗೆಯ ರಜೆ; ಅಲ್ಲಿ ಕಚೇರಿಗೆ ಕಚೇರಿಯೇ ಸಮುದ್ರದ ದಂಡೆಯಲ್ಲಿ ಮಲಗಿರುತ್ತದಂತೆ. ದ್ವೀಪ ದೇಶದವರಿಗೂ ಅದೇ ತಿಂಗಳಲ್ಲಿ ಹಿರಿಯರನ್ನು ನೆನೆಯುವ ಹಬ್ಬ. ಯಾರನ್ನೂ ದೂರುವಂತಿರಲಿಲ್ಲ. ನಾನು ಕೂತು ನೋಡಿದ್ದು ಇಷ್ಟೇ: ಎಲ್ಲರಿಗೂ ಕೊಡುವ ಮನಸ್ಸಿತ್ತು, ಎಲ್ಲರಿಗೂ ಒಂದೊಂದು ಪಂಚಾಂಗವೂ ಇತ್ತು. ದುಡ್ಡಿಗೆ, ಉಕ್ಕಿಗೆ ಒಪ್ಪಂದ ಮಾಡಿಕೊಂಡ ಸರಕಾರಗಳು ಒಂದು ಮಂಗಳವಾರಕ್ಕೆ ಒಪ್ಪಂದ ಮಾಡಿಕೊಳ್ಳಲಾರದೆ ಹೋದವು.

ಇದರ ಬಿಸಿ ತಟ್ಟಿದ್ದು ಹುಲಿಗೆಮ್ಮನಿಗೆ. ರಾಯಚೂರು ಕಡೆಯಿಂದ ಬಂದ ಹುಡುಗಿ, ಮೂರು ವರ್ಷದ ಮಗಳು ಭಾಗ್ಯಳನ್ನು ಶಿಶುವಿಹಾರಕ್ಕೆ ಬಿಟ್ಟು ನಾಗರಬಾವಿಯ ಕಟ್ಟಡವೊಂದಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಬಿಸಿಯೂಟವಿಲ್ಲದ್ದರಿಂದ ಶಿಶುವಿಹಾರ ಹಾಲು, ಬಾಳೆಹಣ್ಣು ಕೊಟ್ಟು ಮಧ್ಯಾಹ್ನವೇ ಮುಚ್ಚುತ್ತಿತ್ತು. (ಗಿರಿಜಾ ಒಮ್ಮೆ ಸ್ಕೂಟರಿನಲ್ಲಿ ಚಿತ್ರಾನ್ನ ಒಯ್ದು ನೋಡಿದಳು. ರಸ್ತೆಯ ಉಬ್ಬುಗಳು ಅದಕ್ಕೆ ಒಪ್ಪಲಿಲ್ಲ.) ಮಧ್ಯಾಹ್ನದ ಮೇಲೆ ಭಾಗ್ಯ ತಾಯಿಯ ಜೊತೆ ಕಬ್ಬಿಣದ ಸರಳುಗಳ ನಡುವೆ ಇರಬೇಕಿತ್ತು. ಒಂದು ದಿನ ಹಿಮ್ಮಡಿಗೆ ಮೊಳೆ ಚುಚ್ಚಿಸಿಕೊಂಡಳು. ಮೇಸ್ತ್ರಿ ಹೆದರಿದ. ಆಯುಧಪೂಜೆ ಕಳೆದ ಮೇಲೆ ಮಗುವಿಲ್ಲದೆ ಪೂರ್ತಿ ದಿನ ಬರುವುದಾದರೆ ಬಾ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದುಬಿಟ್ಟ.

ಹುಲಿಗೆಮ್ಮ ಒಂದು ಸಂಜೆ ನಮ್ಮ ಮನೆಗೆ ಬಂದಳು. ಭಾಗ್ಯ ಪಟ್ಟಿ ಕಟ್ಟಿದ ಕಾಲನ್ನು ಎತ್ತಿಟ್ಟು ಕುಂಟುತ್ತಾ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದಳು.

“ಇದೇ ಏನ್ರೀ ಅಕ್ಕಾರ, ಕೂಸುಗಳಿಗೆ ಅಡಗಿ ಮಾಡೂ ಗಡಗಿ?” ಎಂದು ಕೇಳಿದಳು ಹುಲಿಗೆಮ್ಮ. “ಇಷ್ಟ್ ದೊಡ್ಡದೈತಿ, ಮತ್ತ ಯಾಕ ಕುಂತೈತಿ?”

ಗಿರಿಜಾ ನನ್ನ ಕಡೆ ನೋಡಿದಳು. ಪೆಟ್ಟಿಗೆಯ ಕಾವಲು ನನ್ನದು. ಶಿವಾನಂದಪ್ಪನವರಿಗೆ ಮಾತು ಕೊಟ್ಟಿದ್ದೆ. ನಿಯಮವೆಂದರೆ ನಿಯಮ ಎಂದು ಬದುಕಿದ ಡೆಸ್ಕಿನ ಮನುಷ್ಯ ನಾನು. “ಇನ್ನೂ ಉದ್ಘಾಟನೆ ಆಗಿಲ್ಲಮ್ಮ,” ಅಂದೆ. ಅಷ್ಟರಲ್ಲಾಗಲೇ ಪೆಟ್ಟಿಗೆಯ ಮೇಲೆ ನನ್ನ ಹಳೆಯ ಪತ್ರಿಕೆಗಳ ರಾಶಿ, ಕನ್ನಡಕದ ಡಬ್ಬಿ, ಒಂದು ಲೋಟ ಕಾಫಿ ನೆಲೆಸಿದ್ದವು.

“ಇವ್ರಿಗೆ ಟೇಬಲ್ ಸಿಕ್ತಲ್ಲ, ಇನ್ನೇನು ಬೇಕು,” ಅಂದಳು ಗಿರಿಜಾ.

ಭಾದ್ರಪದದ ಕೊನೆಗೆ ಶಿವಾನಂದಪ್ಪ ಓಡೋಡಿ ಬಂದರು. ಮುಖದಲ್ಲಿ ಸಂತೋಷ, ಸಂಕಟ ಎರಡೂ ಇದ್ದವು. “ಸರ್, ಎರಡೂ ದೇಶ ಒಂದೇ ದಿನಕ್ಕೆ ಒಪ್ಪಿದಾವ್ರಿ!”

“ಯಾವತ್ತು?”

“ಮಹಾಲಯ ಅಮಾವಾಸ್ಯೆ.”

ಗಿರಿಜಾ ಎದ್ದು ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿದಳು.

“ನನ್ನದೇನೂ ಇಲ್ರಿ. ಆದ್ರೆ ನಾಯಕರು ಅವತ್ತು ಕತ್ತರಿ ಮುಟ್ಟಲ್ಲ ಅಂತ ಹೇಳಿಬಿಟ್ರು.”

“ಮರುದಿನವೇ ನವರಾತ್ರಿಯಲ್ವಾ? ಒಂದೇ ಒಂದು ದಿನ ಮುಂದೂಡಿ,” ಅಂದಳು ಗಿರಿಜಾ.

“ಅವತ್ತು ರಾತ್ರಿನೇ ಇಬ್ರದೂ ಫ್ಲೈಟ್, ಮೇಡಂ.”

ಹೀಗೆ ಮೂರು ಸರಕಾರಗಳು ಒಂದು ಇರುಳಿನ ಅಂತರದಲ್ಲಿ ಒಂದಕ್ಕೊಂದು ಸಿಗದೆ ಹೋದವು. ಎರಡು ವಿಮಾನಗಳು ಹಾರಿದವು. ನವರಾತ್ರಿ ಆರಂಭವಾಯಿತು. ಹುಲಿಗೆಮ್ಮನ ಗಡುವು ಹತ್ತಿರ ಬಂತು. ಅವಳು ಊರಿಗೆ ವಾಪಸಾಗುವ ಮಾತಾಡುತ್ತಿದ್ದಾಳೆ ಎಂದು ಗಿರಿಜಾ ಹೇಳಿದಳು. ಹೇಳುವಾಗ ಅವಳ ಧ್ವನಿಯಲ್ಲಿ ಶಾಲೆಯ ಬೆತ್ತವಿತ್ತು.

ಆಯುಧಪೂಜೆಯ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಪತ್ರಿಕೆಗಳು ನೆಲದ ಮೇಲಿದ್ದವು. ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ನನ್ನ ಹಳೆಯ ಕಂಪ್ಯೂಟರ್ ಎಲ್ಲಕ್ಕೂ ಅರಿಶಿನ, ಕುಂಕುಮ ಆಗಿತ್ತು. ಗಿರಿಜಾ ಅಡುಗೆಮನೆಯ ಚಾಕುವನ್ನು ಪೂಜೆಗೆ ಇಡುವ ಮೊದಲು, ಅದರಿಂದಲೇ ಪೆಟ್ಟಿಗೆಯ ಅಂಟುಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸೀಳುತ್ತಿದ್ದಳು.

“ಏನ್ ಮಾಡ್ತಿದೀಯಾ?!”

“ಮನೇಲಿರೋ ಯಂತ್ರಕ್ಕೆಲ್ಲ ಪೂಜೆ ಮಾಡ್ಬೇಕಲ್ವಾ? ರಟ್ಟಿಗೆ ಕುಂಕುಮ ಹಚ್ಚೋಕಾಗುತ್ತಾ?”

ಹಬೆಪಾತ್ರೆ ಹೊರಗೆ ಬಂತು, ಫಳಫಳ ಹೊಳೆಯುತ್ತಾ. ಅದರ ಹೊಟ್ಟೆಯ ಮೇಲೆ ಗಿರಿಜಾ ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿದಳು. ಗೇಟಿನ ಹತ್ತಿರ ಬೂದುಗುಂಬಳ ಒಡೆದಳು. ನಾನು ಗಂಟೆ ಬಾರಿಸಿದೆ. ಕೈಗೆ ಕೊಟ್ಟದ್ದನ್ನು ಬಾರಿಸದೆ ಇರುವುದು ಹೇಗೆ?

ಆಮೇಲೆ ಶಿವಾನಂದಪ್ಪನವರಿಗೆ ಫೋನ್ ಮಾಡಿದೆ. ಸತ್ಯ ಹೇಳಿಬಿಡುವುದು ಒಳ್ಳೆಯದು ಎಂದುಕೊಂಡಿದ್ದೆ. ಆದದ್ದನ್ನೆಲ್ಲ ಹೇಳಿದೆ.

“ಸರ್,” ಅಂದರು ಅವರು, “ನಾನೇ ನಿಮಗೆ ಫೋನ್ ಮಾಡೋನಿದ್ದೆ. ನಿನ್ನೆ ಆಫೀಸ್ ಪೂಜೆ ಇತ್ತು ನೋಡ್ರಿ. ನಾನು ಮೀಟಿಂಗಿಂದ ಬರೋದ್ರೊಳಗೆ ನಮ್ಮ ಹುಡುಗ್ರು ಒಲೆ ಬಿಚ್ಚಿ ಬಾಳೆಕಂದು ಕಟ್ಟಿಬಿಟ್ಟಿದ್ರು.”

“ಈಗೇನು ಮಾಡೋದು?”

“ಪೂಜೆ ಆದ ಆಯುಧಾನ ದಶಮಿ ದಿನ ಸುಮ್ನೆ ಇಡಬಾರದ್ರಿ. ಕೆಲಸಕ್ಕೆ ಹಚ್ಚಬೇಕು,” ಅಂದರು ಅವರು, ಇದೊಂದು ಸುತ್ತೋಲೆಯಲ್ಲಿ ಬಂದಿದೆ ಎನ್ನುವ ಧ್ವನಿಯಲ್ಲಿ.

ವಿಜಯದಶಮಿಯಂದು ಎರಡು ಗೂಡ್ಸ್ ಆಟೋಗಳು ಮಲ್ಲತ್ತಹಳ್ಳಿಗೆ ಹೋದವು. ಚಳಿ ದೇಶದ ಪಾತ್ರೆ ದ್ವೀಪ ದೇಶದ ಒಲೆಯ ಮೇಲೆ ಕೂದಲೆಳೆಯಷ್ಟೂ ಅಲುಗದೆ ಕೂತಿತು. ಇದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ದೂರದ ಎರಡು ಊರುಗಳಲ್ಲಿ, ಒಬ್ಬರನ್ನೊಬ್ಬರು ನೋಡಿರದ ಕೆಲಸಗಾರರು ಒಂದೇ ಅಳತೆಗೆ ಉಕ್ಕನ್ನು ಬಗ್ಗಿಸಿದ್ದರು. ವಿದೇಶ ಪುಟದಲ್ಲಿ ನಾನು ಹಾಕಿದ ಯಾವ ಕೈಕುಲುಕುವ ಚಿತ್ರವೂ ಅಷ್ಟು ಸರಿಯಾಗಿ ಕೂತಿರಲಿಲ್ಲ. ಮೊದಲು ಹಾಲು ಉಕ್ಕಿಸಿದರು. ಆಮೇಲೆ ಅನ್ನ, ಸೊಪ್ಪಿನ ಸಾರು. ಭಾಗ್ಯ ಎರಡು ಸಲ ಹಾಕಿಸಿಕೊಂಡು, ತಟ್ಟೆಯ ಪಕ್ಕದಲ್ಲೇ ನಿದ್ದೆಹೋದಳು.

ಈ ಬರಹ ಮುಗಿಸುವ ಹೊತ್ತಿಗೆ ತಿಳಿದುಬಂದಿರುವ ಸಂಗತಿಗಳು ಇವು. ಹುಲಿಗೆಮ್ಮ ಅದೇ ಮೇಸ್ತ್ರಿಯ ಬಳಿ ಪೂರ್ತಿ ದಿನ ಕೆಲಸ ಮಾಡುತ್ತಿದ್ದಾಳೆ. ಶಿಶುವಿಹಾರ ಸಂಜೆಯವರೆಗೆ ತೆರೆದಿರುತ್ತದೆ. ಕಾಗದದ ಮೇಲೆ ಅಡುಗೆಮನೆ ಈಗಲೂ ಪರೀಕ್ಷಾರ್ಥವಾಗಿ ನಡೆಯುತ್ತಿದೆ. ಎರಡೂ ದೇಶಗಳು ಉದ್ಘಾಟನೆಗೆ ಹೊಸ ದಿನವೊಂದನ್ನು ಸೂಚಿಸಿವೆ, ಅದು ಧನುರ್ಮಾಸದಲ್ಲಿ ಬರುತ್ತದೆ. ಸಮಾರಂಭದ ದಿನ ರಿಬ್ಬನ್ ಕಟ್ಟಲು ಬೇಕಾಗುತ್ತದೆಂದು ಶಿವಾನಂದಪ್ಪನವರು ಹೇಳಿರುವುದರಿಂದ ಖಾಲಿ ಪೆಟ್ಟಿಗೆ ನಮ್ಮ ನಡುಮನೆಯಲ್ಲೇ ಇದೆ. ಅದರ ಕಾವಲು ನನ್ನದು.