ಬಸ್ಸಿನಲ್ಲಿ ಬಂದ ಹಸಿ ಸೂರ್ಯ

ಎಣ್ಣೆಬಣ್ಣದಲ್ಲಿ ಮುಳುಗುವ ಸೂರ್ಯನನ್ನು ಬರೆಯಲು ಹೊರಟವನಿಗೆ ಫಜೀತಿ ಹುಡುಕುವ ಕಷ್ಟವಿಲ್ಲ, ಅದೇ ಬೆನ್ನುಹತ್ತಿ ಬರುತ್ತದೆ.

ಎಪ್ಪತ್ತರ ದಶಕದಲ್ಲಿ ನಾನು ಬೈಲಹೊಂಗಲದ ಒಂದು ಹೈಸ್ಕೂಲಿನ ಚಿತ್ರಕಲಾ ಮಾಸ್ತರ. ತಪಾಸಣೆಗೆ ಸಾಹೇಬರು ಬರುವವರಿದ್ದರು. ಹೆಡ್‌ಮಾಸ್ತರರು ಆಫೀಸಿನ ಗೋಡೆ ತೋರಿಸಿ, “ಇಲ್ಲೊಂದು ಸಂಜಿ ಸೂರ್ಯನ ಚಿತ್ರ ಬೇಕ್ರಿ ಮಾಸ್ತರ. ಈ ಹಸಿ ಹಿಡಿದ ಗ್ವಾಡಿ ಕಲೆ ಮುಚ್ಚೂವಷ್ಟು ದೊಡ್ಡದು” ಎಂದರು. ಉಳಿದದ್ದು ನಾಲ್ಕೇ ದಿನ. ಎಣ್ಣೆಬಣ್ಣ ಒಣಗಲು ವಾರ ಬೇಕೆಂದರೆ, “ಫ್ಯಾನ್ ಹಚ್ಚೋಣಂತ” ಎಂದರು.

ಬದು

ಸಂಪಗಾಂವದ ಹೊಲದ ದಂಡೆಗೆ ಕುಳಿತೆ. ಕೆಂಪು ಕಲಸುವಷ್ಟರಲ್ಲಿ ಆಕಾಶ ನೇರಳೆ, ನೇರಳೆ ಕಲಸುವಷ್ಟರಲ್ಲಿ ನಸುಗತ್ತಲೆ. ಕುಂಚ ಚಾಚಿ, ಒಂದು ಕಣ್ಣು ಮುಚ್ಚಿ ಅಳತೆ ನೋಡುತ್ತಿದ್ದರೆ ಹೊಲದ ಯಜಮಾನ ಓಡಿಬಂದ.

“ಹೊಲಾ ಅಳ್ಯಾಕ ಬಂದೀರೇನ್ರಿ?”

“ಇಲ್ಲಪಾ, ಚಿತ್ರಾ ಬರ್ಯಾಕ.”

ಇಣುಕಿ ನೋಡಿದ. “ಈ ಬದು ಒಂದೀಟು ಆ ಕಡಿ ಸರಿಸಿ ಬರೀರಿ. ಅದು ನಮ್ಮ ತಮ್ಮನ ಹೊಲ.”

“ಚಿತ್ರದಾಗ ಸರಿಸಿದ್ರ ಏನ್ ಬಂತು?”

“ಎಲ್ಲ್ಯಾರ ಒಂದು ಕಡಿ ನನ್ನಂಗ ಆಗ್ಲಿ ಬಿಡ್ರಿ.”

ಅವನು ಹೋದರೆ ಸಾಕೆಂದು ಸರಿಸಿದೆ. ಮರುದಿನ ಹೋದರೆ ಅಲ್ಲಿ ಅವನ ತಮ್ಮ ನಿಂತಿದ್ದ: “ಅಣ್ಣಗ ಎಷ್ಟು ಬರದ ಕೊಟ್ಟೀರಿ? ವಾಪಸ್ ಬರೀರಿ!”

ಬಿಳಿ ಅಂಗಿ

ಅಲ್ಲಿಂದ ಓಡಿ ಮೂರನೆಯ ದಿನ ಸವದತ್ತಿ ಗುಡ್ಡ ಸೇರಿದೆ. ಚಿತ್ರವೇನೋ ಆಯಿತು. ಹಸಿ ಚಿತ್ರವನ್ನು ಎದೆಗೆ ಹಿಡಿದು, ಬಣ್ಣದ ಮಗ್ಗುಲು ಹೊರಗೆ ಮಾಡಿ ಬಸ್ಸು ಹತ್ತಿದೆ. ಕಾಲಿಡಲು ಜಾಗವಿಲ್ಲ. “ಸರೀರಿ, ಬಣ್ಣ ಐತಿ!” ಎಂದು ಒದರುತ್ತಲೇ ಇದ್ದೆ. ಒಂದು ತಗ್ಗಿಗೆ ಬಸ್ಸು ಎಗರಿತು. ಮುಂದೆ ನಿಂತಿದ್ದ ತರುಣನ ಬಿಳಿ ಅಂಗಿಗೆ ಚಿತ್ರ ಅಂಟಿಕೊಂಡಿತು.

ಕಂಡಕ್ಟರ್ ಹೇಳಿದ: “ಮಾಸ್ತರ, ನಿಮ್ಮ ಸೂರ್ಯ ಇವರ ಬೆನ್ನಾಗ ಮುಳುಗ್ಯಾನ ನೋಡ್ರಿ.”

ತರುಣನ ಮುಖ ಬಾಡಿತು. “ನಾಳಿ ಮುಂಜಾನೆ ಹೆಣ್ಣು ನೋಡಾಕ ಹೊಂಟೇನ್ರಿ. ಇರೂದು ಇದೊಂದ ಛಲೋ ಅಂಗಿ.”

ನನಗೆ ಅಳುವೇ ಬಂತು. ಕಡೆಗೆ ಅವನೇ ಸಮಾಧಾನ ಹೇಳಿದ: “ಹೋಗ್ಲಿ ಬಿಡ್ರಿ. ಗ್ವಾಡಿಗೆ ಬೆನ್ನು ಹಚ್ಚಿ ಕುಂಡ್ರತೇನಿ.”

ಸಾಹೇಬರು

ತಪಾಸಣೆಯ ದಿನ ಬೆಳಗಾಗುತ್ತಲೇ, ಅಳಿಸಿಹೋದ ಜಾಗದಲ್ಲಿ ಹೊಸ ಸೂರ್ಯನನ್ನು ಬರೆದು ಚಿತ್ರ ತೂಗುಹಾಕಿದೆ. ಫ್ಯಾನು ತಿರುಗುತ್ತಿತ್ತು, ಬಣ್ಣ ಹಸಿಯೇ ಇತ್ತು. ಯಾರಾದರೂ ಮುಟ್ಟಿಯಾರೆಂದು ನಾನು ಬಾಗಿಲಿಗೂ ಚಿತ್ರಕ್ಕೂ ನಡುವೆ ತಿರುಗಾಡುತ್ತಿದ್ದೆ. ಸಾಹೇಬರು ಬಂದರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ ಕೇಳಿದರು:

“ಸೂರ್ಯ ಇಲ್ಲೆ ಮೂಡಾಕ ಹತ್ಯಾನೋ, ಮುಳುಗಾಕ ಹತ್ಯಾನೋ?”

ನಾನು ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಾಸ್ತರರು ಕೈಮುಗಿದು ಮುಂದೆ ಬಂದರು:

“ತಾವು ಹೆಂಗ ಅಪ್ಪಣಿ ಕೊಡತೀರಿ, ಹಂಗ್ರಿ ಸಾಹೇಬ್ರ!”