ಮಾರೆಪ್ಪನ ಖಂಡರಕ್ಷಣೆ

"ಈ ಭಾನುವಾರ ಸರಪಳಿ ಹರಿಯೋನು ನಾನ! ಯಾವ ಡಾಕ್ಟರಮ್ಮ ತಡೀತಾಳೋ ನೋಡ್ತೀನಿ!"

ಮಕ್ತಲ್‌ನ ತನ್ನ ಮನೆಯಂಗಳದಲ್ಲಿ ನಿಂತು ಮಾರೆಪ್ಪ ತೊಡೆ ತಟ್ಟಿದ. ಮೈಲಾರಲಿಂಗನ ಪೂಜೆಯಲ್ಲಿ ಗೂಟಕ್ಕೆ ಕಟ್ಟಿದ ಕಬ್ಬಿಣದ ಸರಪಳಿಯನ್ನು ಜಗ್ಗಿ ಹರಿಯುವುದು ಹಿರಿಮಗನಾದ ಅವನ ಹಕ್ಕು. ಇಪ್ಪತ್ತೆರಡು ವರ್ಷ ತಪ್ಪಿರಲಿಲ್ಲ. ಈ ಸಲ ತಪ್ಪಿದರೆ ಹಕ್ಕು ತಮ್ಮನ ಮಗ ಮೌನೇಶನ ಪಾಲು!

ಎಡವಟ್ಟಾಗಿದ್ದು ತೂಕ ಇಳಿಸುವ ಚುಚ್ಚುಮದ್ದಿನಿಂದ. ವಾರಕ್ಕೊಂದರಂತೆ ಚುಚ್ಚಿಸಿಕೊಂಡು ಹದಿನಾಲ್ಕು ಕಿಲೋ ಇಳಿದಿದ್ದ. ನಾರಾಯಣಪೇಟೆ ಜಿಲ್ಲೆಯಾದ ಮೇಲೆ ಅಲ್ಲಿಗೆ ಬಂದ ಡಾಕ್ಟರ್ ಶಿರೀಷಾ ಶಭಾಶ್ ಅನ್ನುವ ಬದಲು ಅವನ ತೋಳು ಹಿಚುಕಿ ನೋಡಿದರು.

"ಬೊಜ್ಜಿನ ಜೊತಿ ಕಸುವಿನ ಖಂಡಾನೂ ಕರಗಾಕ ಹತ್ತೈತ್ರಿ. ಹಸಿವಿಲ್ಲಂತ ಊಟ ಬಿಡಬ್ಯಾಡ್ರಿ. ತತ್ತಿ, ಬ್ಯಾಳಿ ತಿನ್ರಿ. ಭಾರ ಎತ್ತೋದು ರೂಢಿ ಮಾಡ್ರಿ. ಖಂಡ ಬಲಿಯೋತನಕ ಸರಪಳಿ ಮಾತ್ರ ಜಗ್ಗಬ್ಯಾಡ್ರಿ."

ಹೆಂಡತಿ ಮೈಲಮ್ಮ ಡಾಕ್ಟರ್ ಮಾತಿಗೆ ತನ್ನದೂ ಸೇರಿಸಿ ದಿನಾ ಆರು ತತ್ತಿ ಕುದಿಸಿ ಮುಂದಿಟ್ಟಳು. ಮಾರೆಪ್ಪ ನೀರು ತುಂಬಿದ ಕೊಡ ಹಿಡಿದು ಅಂಗಳ ಸುತ್ತಿದ್ದೂ ನಿಜ. ಬರೋಬ್ಬರಿ ಎರಡು ಸುತ್ತು! ಆದರೆ ಚುಚ್ಚುಮದ್ದಿನ ಹೊಟ್ಟೆ ಒಂದು ತತ್ತಿಗೇ ಬಾಗಿಲು ಹಾಕಿಬಿಡುತ್ತಿತ್ತು. ಉಳಿದ ಐದೂ ಕದ್ದುಮುಚ್ಚಿ ಅಂಗಳದ ನಾಯಿ ಕೆಂಚನ ಬಾಯಿಗೆ.

"ತಿಂದ್ರೇನ್ರಿ?"

"ಒಂದೂ ಉಳಿಸಿಲ್ಲ!"

ಇಪ್ಪತ್ತು ದಿನ ಇದೇ ಸುಳ್ಳು, ಅದೂ ಎದೆಯುಬ್ಬಿಸಿ.

ಭಾನುವಾರ ಬಂತು. ದೇವರ ದಿನವೆಂದು ತತ್ತಿ ಕುದಿಯಲಿಲ್ಲ. ಬೀಗರ ಮೈಮೇಲೆ ಹಾರೀತೆಂದು ಕೆಂಚನಿಗೂ ಸರಪಳಿ ಬಿಗಿದು ಕಟ್ಟಿದ್ದರು. ಮಾರೆಪ್ಪ ಮೈಗೆಲ್ಲ ಭಂಡಾರದ ಅರಿಶಿನ ಬಳಿದುಕೊಂಡು "ಏಳು ಕೋಟಿಗೋ!" ಎಂದು ಮೈಲಾರನ ಜಯಕಾರ ಹಾಕಿ ಜಗ್ಗಿದ. ಸರಪಳಿ ಮಿಸುಕಲಿಲ್ಲ. ಗೂಟಕ್ಕೆ ಕಾಲು ಒತ್ತಿ ಮತ್ತೆ ಜಗ್ಗಿದ. ಆಗಲೂ ಇಲ್ಲ. ಮೌನೇಶ ಅಂಗಿ ಬಿಚ್ಚತೊಡಗಿದ.

"ದೂರ ಸರಿಯೋ! ನಾನಿನ್ನೂ ಗಟ್ಟಿ ಅದೀನಿ!" ಎಂದು ಗುಡುಗಿ, ಕಣ್ಣುಮುಚ್ಚಿ ಮೂರನೇ ಸಲ ಜಗ್ಗಿದ.

ಟಣ್!

"ಹರೀತು! ಹರೀತು!" ಎಂದು ಜನ ಕೂಗಿದರು. ಮಾರೆಪ್ಪ ಗೆದ್ದವನಂತೆ ಕಣ್ಣು ತೆರೆದ. ಕೈಯಲ್ಲಿದ್ದ ಸರಪಳಿ ಇಡಿಯಾಗಿಯೇ ಇತ್ತು! ಕುತ್ತಿಗೆಯಲ್ಲಿ ತುಂಡು ಸರಪಳಿ ನೇತಾಡಿಸಿಕೊಂಡು ಓಡಿಬಂದ ಕೆಂಚ, ಅವನ ಅಂಗೈ ಮೂಸಿ ತತ್ತಿ ಹುಡುಕತೊಡಗಿತು.

"ಮೈಲಾರಲಿಂಗನ ನಾಯಿರಪ್ಪೋ! ಸರಪಳಿ ಹರಿದವರ ವೀಳ್ಯ ಈ ಸಲ ಇದಕ್ಕ!" ಎಂದು ಕುಲದ ಹಿರಿಯ ತಾಯಪ್ಪ ಅದರ ಹಣೆಗೆ ಭಂಡಾರ ಹಚ್ಚಿದರು. ಮೌನೇಶನೂ ಕೈಮುಗಿದ. ಮಾರೆಪ್ಪನೂ ಮುಗಿಯಲೇಬೇಕಾಯಿತು.

ಮೈಲಮ್ಮ ಮಾತ್ರ ಕೆಂಚನ ದುಂಡು ತೊಡೆ ಸವರಿ, ಗಂಡನ ಮುಖ ನೋಡಿದಳು.

"ಚಿಂತಿ ಬಿಡ್ರಿ. ನಿಮ್ಮ ಖಂಡ ಎಲ್ಲೂ ಕರಗಿಲ್ಲ. ಪೂರಾ ಇಲ್ಲೇ ಐತಿ!"